160 ರೂಪಾಯಿಯ ಕಂಪಾಸ್ ಬಾಕ್ಸು, 173 ಡಿಗ್ರಿಯ ತ್ರಿಭುಜ

ಮಗಳು ಈ ವರ್ಷ ಆರನೇ ಕ್ಲಾಸು. ಶಾಲೆ ಶುರುವಾದ ಎರಡನೇ ವಾರಕ್ಕೆ ಕಂಪಾಸ್ ಬಾಕ್ಸ್ ಬೇಕು ಅಂತ ಹಟ. ಮೊಳೆ, ಸ್ಕ್ರೂ, ಗರಗಸದ ಬ್ಲೇಡು ತರಲಿಕ್ಕೆ ಹೇಗೂ ಶಿವಮೊಗ್ಗಕ್ಕೆ ಹೋಗುವುದಿತ್ತು, ಗಾಂಧಿ ಬಜಾರಿನ ಒಂದು ಪುಸ್ತಕದಂಗಡಿಗೆ ನುಗ್ಗಿ 160 ರೂಪಾಯಿ ಕೊಟ್ಟು ಒಂದು ತಂದೆ. ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ಕೈಗೆ ಬಂದ ಒಂದು ಡಬ್ಬಿಯ ಕತೆ ಇದು, ಆ ಕಂಪನಿಯ ಎಲ್ಲ ಡಬ್ಬಿಯೂ ಹೀಗೇ ಅಂತ ಹೇಳಲಿಕ್ಕೆ ನಾನ್ಯಾರು.

ನನ್ನ ಪರಿಚಯ ಇಷ್ಟೇ: ತೀರ್ಥಹಳ್ಳಿ ಕಡೆಯವನು, ಮರಗೆಲಸ ನನ್ನ ಕಸುಬು, ಹೆಚ್ಚಾಗಿ ಹೆಂಚಿನ ಮನೆಯ ಮಾಡು, ಅಂದರೆ ಚಾವಣಿ, ಕಟ್ಟುವ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ. ಗಣಿತದಲ್ಲಿ 41 ಬಂದಿತ್ತು. ಹಾಗಾಗಿ ಇದು ಮೇಷ್ಟ್ರು ಬರೆದ ವಿಮರ್ಶೆ ಅಲ್ಲ, ದಿನಾ ಮೂಲೆ ನೋಡಿ ಮರ ಕೊಯ್ಯುವವನು ಬರೆದದ್ದು.

ಡಬ್ಬಿ ತಗಡಿನದು. ಒಳಗೆ ಕೈವಾರ, ಡಿವೈಡರು, ಎರಡು ಮೂಲೆಮಟ್ಟ (ತ್ರಿಕೋನದ ಸೆಟ್ ಸ್ಕ್ವೇರು), ಒಂದು ಕೋನಮಾಪಕ, 15 ಸೆಂಟಿಮೀಟರಿನ ಸ್ಕೇಲು, ಮೋಟು ಪೆನ್ಸಿಲು, ರಬ್ಬರು, ಮೆಂಡರು. ನೋಡಲಿಕ್ಕೆ ಚಂದ. ಹೊಸ ಪ್ಲಾಸ್ಟಿಕ್ ವಾಸನೆ. ಮಗಳು ಆ ರಾತ್ರಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದಳು.

ರಗಳೆ ಶುರುವಾದದ್ದು ಒಂದು ಭಾನುವಾರ ಸಂಜೆ. ಧೋ ಅಂತ ಮಳೆ, ಕರೆಂಟಿಲ್ಲ, ಚಾರ್ಜಿನ ಲೈಟಿಟ್ಟುಕೊಂಡು ಮಗಳು ಹೋಂವರ್ಕು ಬರೆಯುತ್ತಿದ್ದಳು. ಮೂಲೆಮಟ್ಟವನ್ನು ಪುಸ್ತಕದ ಮೇಲಿಟ್ಟು ಸುತ್ತ ಗೆರೆ ಎಳೆದು ತ್ರಿಭುಜ ಮಾಡು, ಮೂರೂ ಕೋನ ಅಳೆ, ಕೂಡಿಸು. ಇಷ್ಟೇ ಲೆಕ್ಕ. ಸ್ವಲ್ಪ ಹೊತ್ತಿಗೆ ಮೂಗೆಳೆಯುವ ಸದ್ದು.

"ಎಂಥ ಆಯ್ತು ಕೂಸೇ?"

"ಅಪ್ಪಯ್ಯ, ತ್ರಿಭುಜದ ಮೂರು ಕೋನ ಕೂಡಿದ್ರೆ 180 ಬರ್ಬೇಕಂತೆ. ನಂದು 173 ಬರ್ತಿದೆ. ಮೂರು ಸಲ ಅಳೆದೆ."

ನಾನು ಮೊದಲು ಮಾಡಿದ ಕೆಲಸ ಅಂದರೆ ಡಬ್ಬಿಗೆ ಬೈದದ್ದು. 160 ರೂಪಾಯಿ ಕಿತ್ತುಕೊಂಡು ಸುಳ್ಳು ಅಳತೆ ಕೊಟ್ಟಿದ್ದಾರೆ, ನಾಳೆಯೇ ಅಂಗಡಿಗೆ ಹೋಗಿ ಮುಖದ ಮೇಲೆ ಎಸೆಯುತ್ತೇನೆ ಅಂತೆಲ್ಲ ಹಾರಾಡಿದೆ. ಹೆಂಡತಿ ಒಳಗಿಂದಲೇ, "ಅಳೆದು ನೋಡಿ ಮೊದ್ಲು, ಆಮೇಲೆ ಬೈಯಿರಿ" ಅಂದಳು. ಮಾಡು ಕಟ್ಟುವವನಿಗೆ ಹೇಳುವ ಮಾತಾ ಅದು? ಆದರೆ ಸರಿಯಾದ ಮಾತು.

ಪುಸ್ತಕ ತೆಗೆದು ನೋಡಿದೆ. ಮಗಳು ಬರೆದದ್ದು: 90, 57 ಅರ್ಧ, 25 ಅರ್ಧ. ಮೂಲೆಮಟ್ಟದ ಮೇಲೇ 90, 60, 30 ಅಂತ ಅಚ್ಚಾಗಿದೆ. ಲಂಬಕೋನ ಕರಾರುವಾಕ್ಕು ಸರಿ ಬಂದಿದೆ, 60ಕ್ಕೆ ಎರಡೂವರೆ ಡಿಗ್ರಿ ಕಮ್ಮಿ, 30ಕ್ಕೆ ನಾಲ್ಕೂವರೆ ಕಮ್ಮಿ. ಇದು ನನಗೆ ತಲೆಗೆ ಹತ್ತಲಿಲ್ಲ. ಕೋನಮಾಪಕದ ಅಚ್ಚೇ ಓರೆಯಾಗಿದ್ದರೆ ಎಲ್ಲದರಲ್ಲೂ ಒಂದೇ ಲೆಕ್ಕದಲ್ಲಿ ತಪ್ಪು ಬರಬೇಕು. 90 ಮಾತ್ರ ಹೇಗೆ ಪಾರಾಯಿತು?

"ಹ್ಯಾಗೆ ಇಟ್ಟೆ, ಇಟ್ಟು ತೋರ್ಸು" ಅಂದೆ. ಇಟ್ಟಳು. ಆಗ ಗೊತ್ತಾಯಿತು.

ಕೋನಮಾಪಕದ ಕೆಳಗಿನ ನೆಟ್ಟಗಿನ ಅಂಚು ಇದೆಯಲ್ಲ, ಅದನ್ನೇ ಅವಳು ಗೆರೆಗೆ ತಾಗಿಸಿ ಇಡುತ್ತಿದ್ದಳು. ಅದು ತಪ್ಪು. ಸೊನ್ನೆಯ ಗೆರೆ ಹೆಚ್ಚಾಗಿ ಅಂಚಿನಲ್ಲಿ ಇರುವುದಿಲ್ಲ, ಅಂಚಿನಿಂದ ಮೇಲೆ ಇರುತ್ತದೆ. ಈ ಡಬ್ಬಿಯದರಲ್ಲಿ ಸ್ಕೇಲು ಹಿಡಿದು ನೋಡಿದೆ, 4 ಮಿಲಿಮೀಟರ್ ಮೇಲೆ. ಆ ಗೆರೆಯ ನಡುವಿನಲ್ಲಿ ಒಂದು ಸಣ್ಣ ಗುರುತು, ಅದೇ ಕೇಂದ್ರ. ಕೋನದ ಶೃಂಗ, ಅಂದರೆ ಎರಡು ಗೆರೆ ಕೂಡುವ ಬಿಂದು, ಆ ಗುರುತಿನ ಕೆಳಗೆ ಸರಿಯಾಗಿ ಕೂರಬೇಕು, ಕೋನದ ಒಂದು ಬಾಹು ಸೊನ್ನೆಯ ಗೆರೆಯ ಜೊತೆ ಮಲಗಬೇಕು. ಅಂಚಿಗೆ ಇಟ್ಟರೆ ಕೋನಮಾಪಕದ ಕೇಂದ್ರ ಶೃಂಗದಿಂದ 4 ಮಿಲಿಮೀಟರ್ ಮೇಲೆ ಹೋಗಿ ಕೂತಿರುತ್ತದೆ. ಕೇಂದ್ರದಿಂದ ಡಿಗ್ರಿಯ ಗೀಟುಗಳಿಗೆ ನಾಲ್ಕೂವರೆ ಸೆಂಟಿಮೀಟರ್ ದೂರ. ಇಷ್ಟು ಸಣ್ಣ ವೃತ್ತದಲ್ಲಿ 4 ಮಿಲಿಮೀಟರ್ ಸಣ್ಣದಲ್ಲ.

90 ಡಿಗ್ರಿಯ ಬಾಹು ನೆಟ್ಟಗೆ ಮೇಲಕ್ಕೇ ಹೋಗುವುದರಿಂದ ಕೇಂದ್ರ ಮೇಲೆ ಸರಿದರೂ ಆ ಗೆರೆಯ ಮೇಲೇ ಇರುತ್ತದೆ, ಹಾಗಾಗಿ 90 ಪಾರು. ಬಾಹು ಓರೆಯಾಗುತ್ತಾ ಹೋದ ಹಾಗೆ ತಪ್ಪು ಬೆಳೆಯುತ್ತದೆ. 60ಕ್ಕಿಂತ 30ಕ್ಕೆ ಹೆಚ್ಚು. ಇನ್ನೊಂದು ಮಜಾ ಅಂದರೆ 90 ದಾಟಿದ ಮೇಲೆ ತಪ್ಪು ಉಲ್ಟಾ ಆಗುತ್ತದೆ. 150 ಡಿಗ್ರಿಯ ಕೋನ ಎಳೆದು ಅವಳ ಹಾಗೆಯೇ ಅಂಚಿಗಿಟ್ಟು ಓದಿದೆ, 154 ದಾಟಿತು. ಅಂದರೆ ಲಘುಕೋನ ಎಲ್ಲಾ ಕುಗ್ಗುತ್ತದೆ, ವಿಶಾಲಕೋನ ಎಲ್ಲಾ ಹಿಗ್ಗುತ್ತದೆ, ನಡುವಿನ ಲಂಬಕೋನ ಸಾಚಾ ಹಾಗೆ ಕೂತಿರುತ್ತದೆ. ನಿಮ್ಮ ಮನೆಯ ಮಕ್ಕಳ ಪುಸ್ತಕದಲ್ಲಿ ಹೀಗೆ ಬರುತ್ತಿದ್ದರೆ ಬೈಯಬೇಡಿ, ಇಡುವ ರೀತಿ ನೋಡಿ.

ಸರಿಯಾಗಿ ಇಟ್ಟು ಅಳೆದಳು. 90, 60, 30. ಕಣ್ಣೀರು ಒರೆಸಿಕೊಂಡಳು. ನಾನು ಬೈದದ್ದು ವಾಪಸು ತಗೊಂಡೆನಾ? ಅರ್ಧ ಮಾತ್ರ. ಯಾಕೆ ಅಂದರೆ ಆ ಸೊನ್ನೆಯ ಗೆರೆ ಎಷ್ಟು ತೆಳು ಅಂತೀರಿ! ತಿಳಿ ಬೂದು ಬಣ್ಣ, ಪಾರದರ್ಶಕ ಪ್ಲಾಸ್ಟಿಕ್ಕು, ಗೀಟು ಹಾಕಿದ ಪುಸ್ತಕದ ಮೇಲಿಟ್ಟರೆ ಪುಸ್ತಕದ ಗೀಟು ಯಾವುದು ಇದರ ಗೀಟು ಯಾವುದು ಅಂತ ನನಗೇ ಹುಡುಕಬೇಕಾಯಿತು. ಕಂಪನಿಯ ಗುರುತು ಮಾತ್ರ ಕೆಂಪು ಬಣ್ಣದಲ್ಲಿ ಹೆಬ್ಬೆಟ್ಟಿನಷ್ಟು ದಪ್ಪ, ಅದೂ ಕೇಂದ್ರದ ಗುರುತಿಗೆ ಅಂಟಿಕೊಂಡ ಹಾಗೆ. ಹತ್ತು-ಹನ್ನೊಂದು ವರ್ಷದ ಮಗುವಿಗೆ ಎದ್ದು ಕಾಣಬೇಕಾದದ್ದು ಕೇಂದ್ರ ಮತ್ತು ಸೊನ್ನೆಯ ಗೆರೆ. ಎರಡನ್ನೂ ಅಡಗಿಸಿ ಹೆಸರು ಮೆರೆಸಿದ್ದಾರೆ. ಹೇಗೆ ಇಡಬೇಕು ಅಂತ ಹೇಳುವ ಒಂದು ಚೀಟಿ ಡಬ್ಬಿಯಲ್ಲಿಲ್ಲ, ಕನ್ನಡದಲ್ಲಂತೂ ಇಲ್ಲವೇ ಇಲ್ಲ. ನಾನು ಸೂಜಿಯಿಂದ ಸೊನ್ನೆಯ ಗೆರೆಯ ಮೇಲೆ ಗೀರಿ, ಗೀರಿನೊಳಗೆ ಬಾಲ್ ಪೆನ್ನಿನ ಇಂಕು ತಿಕ್ಕಿ ಒರೆಸಿದೆ. ಗೀರಿನಲ್ಲಿ ಉಳಿದ ಇಂಕು ಕಪ್ಪಗೆ ಕಾಣುತ್ತದೆ. ಈಗ ಕುರುಡನಿಗೂ ಕಂಡೀತು.

ಎರಡು ಸಾಲು ಅಂಕಿಯ ತಾಪತ್ರಯ ಎಲ್ಲ ಕೋನಮಾಪಕದಲ್ಲೂ ಇದ್ದದ್ದೇ. ಒಂದು ಸಾಲು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. 50 ಬರೆಯುವ ಕಡೆ 130 ಬರೆದು ಬರುತ್ತಾರೆ. ಇದಕ್ಕೆ ನನ್ನ ಮದ್ದು ಅಂದರೆ ಅಳೆಯುವ ಮೊದಲು ಕಣ್ಣಳತೆ ಹೇಳಿಸುವುದು. ಪುಸ್ತಕದ ಮೂಲೆಗಿಂತ ಚೂಪಾ, ಅಗಲಾ? ಚೂಪು ಅಂದಮೇಲೆ 130 ಹೇಗೆ ಬರುತ್ತದೆ? ಈಗ ಮೊದಲು ಬಾಯಲ್ಲಿ ಒಂದು ಅಂದಾಜು ಹೇಳಿ ಆಮೇಲೆ ಕೋನಮಾಪಕ ಮುಟ್ಟುತ್ತಾಳೆ. ಹತ್ತು ಡಿಗ್ರಿ ಆಚೀಚೆ ಬರುತ್ತದೆ, ಸಾಕು.

ಈ ಗದ್ದಲದಲ್ಲಿ ನನಗೆ ಗೊತ್ತಾದ ಇನ್ನೊಂದು ವಿಷಯ, ಅವಳಿಗೆ ಅಳೆಯಲಿಕ್ಕೆ ಹೇಳಿಕೊಟ್ಟಿದ್ದೆವೇ ಹೊರತು ಏನನ್ನು ಅಳೆಯುವುದು ಅಂತ ತಲೆಗೆ ಹೋಗಿರಲಿಲ್ಲ. "ಕೋನ ಅಂದ್ರೆ ಎಂಥ?" ಅಂತ ಕೇಳಿದೆ. "ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣಗಳಿಂದ ಉಂಟಾಗುವ ಆಕೃತಿ" ಅಂತ ಒಂದೇ ಉಸಿರಿಗೆ ಒಪ್ಪಿಸಿದಳು. ಒಳ್ಳೇದು. ಶೃಂಗ ಅಂದರೆ? "ಆ ಬಿಂದು." ಶೃಂಗ ಅಂದರೆ ಕೊಂಬು, ತುದಿ ಅಂತಲೂ ಅರ್ಥ, ಋಷ್ಯಶೃಂಗನ ಹೆಸರಿನಲ್ಲಿ, ಶೃಂಗೇರಿಯ ಹೆಸರಿನಲ್ಲಿ ಇರುವುದೂ ಅದೇ ಅಂದೆ. ಅದು ಇಷ್ಟವಾಯಿತು ಅವಳಿಗೆ. ಆಮೇಲೆ ಎರಡು ಕೋನ ಬರೆದು ತೋರಿಸಿದೆ. ಒಂದಕ್ಕೆ ಗೇಣುದ್ದ ಬಾಹು, ಇನ್ನೊಂದಕ್ಕೆ ಎರಡು ಇಂಚಿನ ಬಾಹು, ಎರಡೂ 40 ಡಿಗ್ರಿ. ಯಾವುದು ದೊಡ್ಡದು? ಯೋಚನೆಯೇ ಮಾಡದೆ ಗೇಣುದ್ದದ್ದರ ಮೇಲೆ ಬೆರಳಿಟ್ಟಳು.

ಇಲ್ಲಿ ಡಬ್ಬಿ ಕೆಲಸಕ್ಕೆ ಬರಲಿಲ್ಲ. ನನ್ನ ಚೀಲದಿಂದ ಬೆವೆಲ್ ತಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮರದ ಒಂದು ಹಿಡಿ, ಅದಕ್ಕೆ ತಿರುಗುವ ಉಕ್ಕಿನ ಒಂದು ನಾಲಗೆ, ನಡುವೆ ಒಂದು ತಿರುಪು. ಅದರ ಮೇಲೆ ಅಂಕಿ ಇರುವುದಿಲ್ಲ. ಹಳೇ ಮಾಡಿನ ಓರೆಗೆ ತಾಗಿಸಿ ತಿರುಪು ಬಿಗಿ ಮಾಡಿದರೆ ಆ ಓರೆ ಹಾಗೇ ಅದರೊಳಗೆ ನಿಲ್ಲುತ್ತದೆ, ತಂದು ಹೊಸ ಮರದ ಮೇಲೆ ಇಟ್ಟು ಗೀಟು ಹೊಡೆಯುವುದು. 23 ವರ್ಷದಿಂದ ಕೋನವನ್ನು ಹೀಗೆ ಹೊತ್ತು ತಿರುಗಿದ್ದೇನೆ, ಅದು ಎಷ್ಟು ಡಿಗ್ರಿ ಅಂತ ಹೆಚ್ಚಿನ ಸಲ ನನಗೇ ಗೊತ್ತಿರುವುದಿಲ್ಲ. ಮಗಳ ಕೈಗೆ ಕೊಟ್ಟು, ನಾಲಗೆಯನ್ನು ಹಿಡಿಯೊಳಗೆ ಸರಿಸಿ ಉದ್ದ ಮಾಡು, ಗಿಡ್ಡ ಮಾಡು, ಆದರೆ ತಿರುಗಿಸಬೇಡ ಅಂದೆ. ಮಾಡಿದಳು. ಓರೆ ಬದಲಾಯಿತಾ? ಇಲ್ಲ. ಈಗ ತಿರುಗಿಸು. "ಓ, ತಿರುಗಿದ್ದಷ್ಟು ಕೋನ!" ಅಷ್ಟೇ ಮಾರಾಯ್ತಿ. ಬಾಹು ಉದ್ದ ಎಷ್ಟಾದರೂ ಇರಲಿ, ಒಂದರ ಮೇಲಿದ್ದ ಇನ್ನೊಂದು ಎಷ್ಟು ತಿರುಗಿ ದೂರ ಹೋಯಿತು ಅನ್ನುವುದೇ ಅಳತೆ. ಪೂರ್ತಿ ಒಂದು ಸುತ್ತು ಬಂದರೆ 360, ಅರ್ಧ ಸುತ್ತು 180, ಅದು ಸರಳಕೋನ. ಕಾಲು ಸುತ್ತು 90. ಅರ್ಧ ಸುತ್ತಿಗಿಂತ ಹೆಚ್ಚಾದರೆ ಸರಳಾಧಿಕ ಕೋನ. ಡಬ್ಬಿಯ ಅರ್ಧಚಂದ್ರದ ಕೋನಮಾಪಕದಲ್ಲಿ ಅದು ನೇರವಾಗಿ ಸಿಗುವುದಿಲ್ಲ, ಒಳಗಿನ ಸಣ್ಣ ಕೋನ ಅಳೆದು 360ರಲ್ಲಿ ಕಳೆಯಬೇಕು.

ತಿರುಗುವುದು ಅಂದ ಕೂಡಲೇ ಅವಳಿಗೆ ಆಗುಂಬೆ ಘಾಟಿ ನೆನಪಾಯಿತು. ಸೋಮೇಶ್ವರಕ್ಕೆ ಇಳಿಯುವಾಗ ಪ್ರತಿ ಸಲ ವಾಂತಿ ಮಾಡುವವಳು ಅವಳೇ. ಆ ತಿರುವಿನ ಚಿತ್ರ ಬರೆದು ಅಳೆದಳು. ಮೇಲಿಂದ ಬರುವ ರಸ್ತೆ, ಕೆಳಗೆ ಹೋಗುವ ರಸ್ತೆ, ಎರಡರ ನಡುವಿನ ಕೋನ 20 ಡಿಗ್ರಿ. "ಬರೀ 20 ಡಿಗ್ರಿಗೆ ಇಷ್ಟು ತಲೆ ತಿರುಗ್ತದಾ?" ಅಂತ ಕೇಳಿದಳು. ನನಗೆ ನಗು ಬಂತು, ಆದರೆ ಪ್ರಶ್ನೆ ಗಟ್ಟಿ ಪ್ರಶ್ನೆ. ರಸ್ತೆ ಮಾಡಿದ ಮೂಲೆ 20 ಹೌದು. ಬಸ್ಸು ತಿರುಗಿದ್ದು 160. ಬಸ್ಸು ನೆಟ್ಟಗೆ ಹೋಗಿದ್ದರೆ ಎಲ್ಲಿಗೆ ಹೋಗುತ್ತಿತ್ತೋ ಆ ದಿಕ್ಕಿನಿಂದ ಅಳೆಯಬೇಕು ಅದನ್ನು. 20 ಮತ್ತು 160, ಕೂಡಿದರೆ 180, ಪರಿಪೂರಕ ಕೋನಗಳು. ಮೂಲೆ ಚೂಪಾದಷ್ಟೂ ತಿರುಗುವುದು ಹೆಚ್ಚು, ಹೊಟ್ಟೆ ತೊಳಸುವುದೂ ಹೆಚ್ಚು. ಪೂರಕ ಅಂದರೆ 90, ಪರಿಪೂರಕ ಅಂದರೆ 180 ಅನ್ನುವುದನ್ನು ಅದುವರೆಗೆ ಅದಲುಬದಲು ಮಾಡುತ್ತಿದ್ದವಳು ಘಾಟಿಯ ಲೆಕ್ಕದ ಮೇಲೆ ಒಮ್ಮೆಯೂ ತಪ್ಪಿಲ್ಲ.

ವಾರ ಕಳೆದು ಪಕ್ಕದ ಮನೆ ಭಟ್ಟರು ಕಾಫಿಗೆ ಬಂದವರು ಜಗುಲಿಯಲ್ಲಿ ಕೋನಮಾಪಕ ನೋಡಿ, "ಎಂಥಕ್ಕೆ 360, 100 ಯಾಕಲ್ಲ ಅಂತ ಕೇಳಿದ್ಯಾ ಕೂಸೇ?" ಅಂದರು. ಹಳೇ ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು, ಗಂಟೆಗೆ 60 ನಿಮಿಷ, ಡಿಗ್ರಿಗೆ 60 ನಿಮಿಷ ಎಲ್ಲ ಆ ಕಡೆಯ ಬಳುವಳಿ ಅಂತ ನಾನು ಎಲ್ಲೋ ಓದಿದ್ದನ್ನು ಹೇಳಿದೆ. 360ನ್ನು 2, 3, 4, 5, 6, 8, 9, 10, 12 ಎಲ್ಲದರಿಂದಲೂ ಶೇಷ ಇಲ್ಲದೆ ಭಾಗಿಸಬಹುದು, 7, 11 ಮಾತ್ರ ಮೊಂಡು. ಭಟ್ಟರು ಅಷ್ಟಕ್ಕೆ ಬಿಡುವವರಲ್ಲ. ಗೋಡೆಯ ಪಂಚಾಂಗ ಇಳಿಸಿ ಹೇಳಿದರು: 12 ರಾಶಿ, ರಾಶಿಗೆ 30 ಅಂಶ, ಅಂಶ ಅಂದರೆ ಡಿಗ್ರಿಯೇ. ಅಂಶಕ್ಕೆ 60 ಕಲೆ, ಕಲೆಗೆ 60 ವಿಕಲೆ. 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದಕ್ಕೆ 13 ಅಂಶ 20 ಕಲೆ. "ಮತ್ತೆ ತಿಥಿ ಅಂದ್ರೆ ಎಂಥ ಅಂದ್ಕೊಂಡೆ? ಸೂರ್ಯನಿಂದ ಚಂದ್ರ ಎಷ್ಟು ದೂರ ತಿರುಗಿದ ಅನ್ನೋ ಕೋನ. 12 ಅಂಶಕ್ಕೆ ಒಂದು ತಿಥಿ." ಅಮಾವಾಸ್ಯೆ ಮುಗಿಯುವಾಗ ಸೊನ್ನೆ, ಹುಣ್ಣಿಮೆ ಮುಗಿಯುವಾಗ 180. ಮಗಳು ಬೆರಳು ಮಡಿಸಿ, "ಹಂಗಾದ್ರೆ 90 ಬರೋದು ಅಷ್ಟಮಿ ದಿನ!" ಅಂದಳು. ಹೌದು, ಅಷ್ಟಮಿ 84ರಿಂದ 96ರವರೆಗೆ, ಸರಿಯಾಗಿ ನಡುವಿನಲ್ಲಿ ಲಂಬಕೋನ, ಅರ್ಧ ಚಂದ್ರ. ಭಟ್ಟರು ಎರಡನೇ ಲೋಟ ಕಾಫಿ ಕೇಳಿದರು.

ಸರಿ, ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಅತೀ ಕಳಪೆ ಅಂದರೆ ಕೈವಾರ. ಕೀಲು ಸಡಿಲ. ಕೈವಾರದಿಂದ 60 ಡಿಗ್ರಿ ತೆಗೆಯುವುದು ಎಷ್ಟು ಸುಲಭ: ಗೆರೆಯ ಮೇಲೆ ಮುಳ್ಳು ಊರಿ ಒಂದು ಕಂಸ (ವೃತ್ತದ ಒಂದು ತುಂಡು) ಎಳೆ, ಅದೇ ಅಗಲ ಇಟ್ಟುಕೊಂಡು ಕಂಸ ಗೆರೆಯನ್ನು ಮುಟ್ಟಿದ ಕಡೆಯಿಂದ ಕಂಸವನ್ನೇ ಕತ್ತರಿಸು, ಆ ಬಿಂದುವಿಗೂ ಶೃಂಗಕ್ಕೂ ಗೆರೆ ಎಳೆ, ಮುಗಿಯಿತು. ಕೋನಮಾಪಕವೇ ಬೇಡ. ಆದರೆ "ಅದೇ ಅಗಲ" ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಈ ಕೈವಾರ ಕಂಸ ಎಳೆಯುವ ಹೊತ್ತಿಗೇ ಕಾಲು ಅಗಲಿಸುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಒಂದು ಪೂರ್ತಿ ವೃತ್ತ ಎಳೆಯಿರಿ. ಗೆರೆ ಶುರುವಾದಲ್ಲಿಗೇ ಬಂದು ಸೇರಬೇಕು. ಸೇರಿದರೆ ಅದೇ ಅಗಲದಲ್ಲಿ ವೃತ್ತದ ಸುತ್ತ ಹೆಜ್ಜೆ ಹಾಕಿಸಿ. ಆರನೇ ಹೆಜ್ಜೆ ಮೊದಲನೇ ಗುರುತಿನ ಮೇಲೇ ಬೀಳಬೇಕು, ಆರು ಸಲ 60 ಅಂದರೆ 360. ನಮ್ಮ ಡಬ್ಬಿಯದು ಆರನೇ ಹೆಜ್ಜೆಗೆ 5 ಮಿಲಿಮೀಟರ್ ಆಚೆ ಬಿತ್ತು. ಸಣ್ಣ ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಿದೆ, ಎರಡು ದಿನಕ್ಕೆ ಮತ್ತೆ ಸಡಿಲ. ಕೀಲಿನೊಳಗೆ ಒಂದೆಳೆ ನೂಲು ಸುತ್ತಿ ಬಿಗಿ ಮಾಡಿದ ಮೇಲೆ ನಿಂತಿದೆ, ಎಷ್ಟು ದಿನಕ್ಕೋ. ಪೆನ್ಸಿಲು ಸಿಕ್ಕಿಸುವ ಬಳೆಗೆ ಡಬ್ಬಿಯ ಮೋಟು ಪೆನ್ಸಿಲು ಬಿಟ್ಟರೆ ಬೇರೆ ಯಾವುದೂ ಹಿಡಿಸುವುದಿಲ್ಲ.

ಎರಡು ಮೂಲೆಮಟ್ಟಗಳು ಮಾತ್ರ ಚಿನ್ನದಂಥವು. 160ರಲ್ಲಿ 100 ರೂಪಾಯಿ ಇವಕ್ಕೇ ಅಂದುಕೊಂಡೆ. ಮೂಲೆಮಟ್ಟ ಸಾಚಾ ಹೌದೋ ಅಲ್ಲವೋ ನೋಡುವುದಕ್ಕೆ ನನ್ನ ಮೇಸ್ತ್ರಿ ಕಲಿಸಿದ ಉಪಾಯ: ಒಂದು ನೇರ ಅಂಚಿಗೆ ತಾಗಿಸಿ ಲಂಬ ಗೆರೆ ಎಳೆ. ಈಗ ಮೂಲೆಮಟ್ಟವನ್ನು ಪುಟ ಮಗುಚಿದ ಹಾಗೆ ಮಗುಚಿ, ಅದೇ ಬಿಂದುವಿನಲ್ಲಿ ಇನ್ನೊಂದು ಗೆರೆ ಎಳೆ. ಎರಡೂ ಒಂದರ ಮೇಲೊಂದು ಕೂತರೆ ಮೂಲೆ ಸರಿ. ಬಾಯಿ ಬಿಟ್ಟರೆ, ಬಿಟ್ಟದ್ದರ ಅರ್ಧದಷ್ಟು ತಪ್ಪು ಮೂಲೆಯಲ್ಲಿದೆ, ಮಗುಚಿದಾಗ ಅದು ಎರಡರಷ್ಟಾಗಿ ಕಾಣಿಸುತ್ತದೆ. ಇವೆರಡೂ ಕೂದಲೆಳೆ ಬಿಡಲಿಲ್ಲ. ಒಂದರಲ್ಲಿ 45, 45, 90, ಇನ್ನೊಂದರಲ್ಲಿ 30, 60, 90. ಜೋಡಿಸಿ ಕೂಡಿಸಿದರೆ 75, 105. ಒಂದರ ಮೇಲೊಂದು ಇಟ್ಟು ಕಳೆದರೆ 15. ಮಗಳು ಒಂದು ಸಂಜೆ ಕೂತು 15, 30, 45 ಅಂತ 180ರವರೆಗೆ 15ರ ಮಗ್ಗಿಯಷ್ಟೂ ಕೋನ ಈ ಎರಡರಲ್ಲೇ ತೆಗೆದಳು. ಮುಖ್ಯವಾಗಿ, ಇಲ್ಲಿ ಓದುವ ತಪ್ಪಿಲ್ಲ, ಇಡುವ ತಪ್ಪೂ ಕಮ್ಮಿ.

30ರ ಮೂಲೆಮಟ್ಟವನ್ನು ನಾನೇ ಕೆಲಸಕ್ಕೆ ಒಯ್ದದ್ದೂ ಉಂಟು. ನಾವು ಮಾಡಿನ ಇಳಿಜಾರನ್ನು ಡಿಗ್ರಿಯಲ್ಲಿ ಹೇಳುವುದಿಲ್ಲ, ಅಡಿಗೆ ಎಷ್ಟು ಇಂಚು ಅಂತ ಹೇಳುವುದು. ಅಡಿಗೆ 7 ಇಂಚು ಏರಿಸಿದರೆ ಅದು 30 ಡಿಗ್ರಿಗೆ ಕಾಲು ಡಿಗ್ರಿ ಮೇಲೆ. 6 ಇಂಚು ಏರಿಸಿದರೆ ಇಪ್ಪತ್ತಾರೂವರೆ. ಅಡಿಗೆ ಅಡಿ ಏರಿದರೆ 45. ಎರಡೂ ಕಡೆ 30 ಇದ್ದರೆ ನೆತ್ತಿಯಲ್ಲಿ ಪಕಾಸುಗಳು, ಅಂದರೆ ಮಾಡಿನ ಓರೆ ಮರಗಳು, ಕೂಡುವ ಮೂಲೆ 120, ಮತ್ತೆ ಅದೇ 180ರ ಲೆಕ್ಕ. ಪುಸ್ತಕದಲ್ಲಿ ಒಂದು ಡಿಗ್ರಿ ತಪ್ಪಿದರೆ ಮೇಷ್ಟ್ರು ಬಿಟ್ಟಾರು. 12 ಅಡಿಯ ಪಕಾಸಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಆ ತುದಿಯಲ್ಲಿ ಎರಡೂವರೆ ಇಂಚು ಆಚೆ ಹೋಗಿರುತ್ತದೆ, ಹೆಂಚಿನ ಸಾಲು ಹಾವಿನ ಹಾಗೆ ಕಾಣುತ್ತದೆ, ನಮ್ಮ ಕಡೆಯ ಮಳೆ ಬಿಡುವುದಿಲ್ಲ.

ಈ ಡಬ್ಬಿಯಿಂದ ನಾವು ಪಟ್ಟ ದೊಡ್ಡ ಖುಷಿ ಬೇರೆ. ಕೋನಮಾಪಕದ ಕೇಂದ್ರದಲ್ಲಿ ಸೂಜಿ ಕಾಯಿಸಿ ತೂತು ಮಾಡಿ, ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ತೂಗಿಸಿದೆವು. ನೆಟ್ಟಗಿನ ಅಂಚಿಗೆ ಖಾಲಿ ಪೆನ್ನಿನ ಕೊಳವೆ ಅಂಟಿಸಿದೆವು. ಅರ್ಧಚಂದ್ರ ಕೆಳಮುಖವಾಗಿ ಹಿಡಿದು ಕೊಳವೆಯಲ್ಲಿ ನೋಡುವುದು. ಕಣ್ಣ ಮಟ್ಟಕ್ಕೆ ನೋಡಿದರೆ ದಾರ 90ರ ಮೇಲೆ. ಕೊಳವೆ ಎತ್ತಿದಷ್ಟೂ ದಾರ 90ರಿಂದ ಸರಿಯುತ್ತದೆ, ಸರಿದಷ್ಟು ಡಿಗ್ರಿ ಮೇಲಕ್ಕೆ ನೋಡುತ್ತಿದ್ದೀರಿ ಅಂತ ಅರ್ಥ. ಮಳೆ ಬಿಟ್ಟ ಒಂದು ಬೆಳಗ್ಗೆ ತೋಟಕ್ಕೆ ಹೋಗಿ, ಹಳೇ ಅಡಿಕೆ ಮರ ಒಂದರ ಸುಳಿ ನೋಡುತ್ತಾ ಮಗಳು ಹಿಂದೆ ಹಿಂದೆ ಹೆಜ್ಜೆ ಹಾಕಿದಳು, ದಾರ 45ಕ್ಕೆ ಬರುವವರೆಗೆ. ಒಮ್ಮೆ ಕಾದಿಗೆಗೆ (ತೋಟದ ನೀರಿನ ಕಾಲುವೆಗೆ) ಬಿದ್ದಳು. 45 ಡಿಗ್ರಿಯಲ್ಲಿ ನಿಂತರೆ ಮರದ ಬುಡಕ್ಕಿರುವ ದೂರವೂ, ಕಣ್ಣಿಂದ ಮೇಲಿನ ಎತ್ತರವೂ ಒಂದೇ, ನೆಲ ಸಮ ಇದ್ದರೆ. ಟೇಪು ಹಿಡಿದೆವು, 38 ಅಡಿ. ಅವಳ ಕಣ್ಣಿನ ಎತ್ತರ 4 ಅಡಿ. ಒಟ್ಟು 42. ಅಡಿಕೆ ಕೊಯ್ಯುವ ಕೊನೆಗಾರ ತನ್ನ ದೋಟಿಯ (ಉದ್ದನೆಯ ಗಳು) ಲೆಕ್ಕದಲ್ಲಿ ಅದೇ ಮರಕ್ಕೆ 43 ಅಡಿ ಅಂದ. "ಒಂದಡಿ ತಪ್ಪು ನಿಂದೋ ನನ್ದೋ ಕೂಸೇ?" ಅಂತ ಅವನು ಕೇಳಿದರೆ, "ದೋಟಿ ಬಗ್ಗಿದೆ" ಅಂದಳು. ಬಾಯಿಗೆ ಕೋನಮಾಪಕ ಇಲ್ಲ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಡಿವೈಡರು ಪರವಾಗಿಲ್ಲ, ಆರನೇ ಕ್ಲಾಸಿಗೆ ಅದರ ಕೆಲಸ ಅಷ್ಟಕ್ಕಷ್ಟೇ. ಸ್ಕೇಲು ಸರಿ ಇದೆ. ರಬ್ಬರು ಉಜ್ಜಿದರೆ ಕಾಗದ ಕಪ್ಪಾಗುತ್ತದೆ. ತಗಡಿನ ಡಬ್ಬಿಗೆ ಶ್ರಾವಣ ಬರುವ ಮೊದಲೇ ಕೀಲಿನ ಹತ್ತಿರ ತುಕ್ಕು ಬಂತು, ಮಲೆನಾಡಿನವರು ಪ್ಲಾಸ್ಟಿಕ್ ಡಬ್ಬಿಯದೇ ತಗೊಳ್ಳಿ. ನಕ್ಷತ್ರ ಕೊಡಿ ಅನ್ನುತ್ತಾರಲ್ಲ, ಮೂಲೆಮಟ್ಟಕ್ಕೆ ಐದು, ಕೋನಮಾಪಕಕ್ಕೆ ಎರಡೂವರೆ, ಕೈವಾರಕ್ಕೆ ಒಂದು, ಅದೂ ನಾನೇ ನೂಲು ಸುತ್ತಿದ್ದಕ್ಕೆ.

ತೂತು ಮಾಡಿದ ಕೋನಮಾಪಕ ತೋಟಕ್ಕೆ ಮೀಸಲಾದ ಮೇಲೆ ಶಾಲೆಗೆ ಇನ್ನೊಂದು ಬೇಕಾಯಿತು. ಆಗಸ್ಟಿನಲ್ಲಿ ಮತ್ತೆ ಶಿವಮೊಗ್ಗಕ್ಕೆ ಹೋದಾಗ ಅದೇ ಅಂಗಡಿಗೆ ಹೋದೆ. ಬಿಡಿಯಾಗಿ 15 ರೂಪಾಯಿಗೆ ಸಿಗುತ್ತದೆ. ಒಂದು ಕಟ್ಟು ಕೊಡಿ ಅಂದೆ. ಒಂದೊಂದೇ ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾ ನಿಂತೆ: ಕೇಂದ್ರ ಕಾಣುತ್ತದಾ, ಸೊನ್ನೆಯ ಗೆರೆ ಕಪ್ಪಗಿದೆಯಾ. ಒಂದರಲ್ಲಿ ಗೆರೆ ತೆಳು, ಒಂದರಲ್ಲಿ ಅಚ್ಚು ಓರೆ, ಒಂದರ ಕೇಂದ್ರದ ಮೇಲೇ ಬೆಲೆಯ ಚೀಟಿ. ಅಂಗಡಿಯವರು ಗಲ್ಲಾದಿಂದ ಎದ್ದು ಬಂದು, "ಏನ್ ಯಜಮಾನ್ರೇ, ಹೆಣ್ಣು ನೋಡ್ದಂಗೆ ನೋಡ್ತಿದ್ದೀರಿ?" ಅಂದರು. ಎಂಟನೆಯದನ್ನು ಬೆಳಕಿಗೆ ಹಿಡಿದೆ. ಅವರ ಗಾಜಿನ ಕೌಂಟರಿನ ಮೂಲೆಗೆ ಇಟ್ಟು ನೋಡಿದೆ, 90. "ಇದನ್ನು ಕಟ್ಟಿ" ಅಂದೆ.